ಬೆನ್ನಿನ ಚೀಲ ಇಳಿಸುವ ಹೊತ್ತು

ಮಂಚದ ಮೇಲೆ ಸುರಿದದ್ದನ್ನು ನೋಡಿ ನಮಗೇ ನಗು ಬಂತು. ಸುಕ್ಕುಗಟ್ಟಿದ ನಾಲ್ಕು ಜೊತೆ ಬಟ್ಟೆ, ತಳ ಸವೆದ ಚಪ್ಪಲಿಗಳು, ಬಟ್ಟೆ ಒಣಹಾಕಲು ತಂದ ನೈಲಾನ್ ಹಗ್ಗ, ಅರ್ಧ ಮುಗಿದ ಅಮೃತಾಂಜನ, ಚಟ್ನಿಪುಡಿಯ ಖಾಲಿ ಡಬ್ಬಿ, ನಾಲ್ಕು ದೇಶಗಳ ಪುಡಿ ನೋಟುಗಳು. ಮೂರೂವರೆ ತಿಂಗಳ ಸಂಸಾರ ಇಷ್ಟೇ!

ಬ್ಯಾಂಕಾಕಿನ ಚಾವೊ ಪ್ರಾಯಾ ನದಿಗೆ ಹತ್ತಿರದ ಒಂದು ಸಣ್ಣ ಅತಿಥಿಗೃಹ. ಮರುದಿನ ಊರಿಗೆ ವಿಮಾನ. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷ 2567, ತಿಂಗಳು ‘ಮೀನಾಖೋಮ್’. ಥಾಯ್ ಜನ ಎಣಿಸುವುದು ಬುದ್ಧ ಶಕೆ. ತಿಂಗಳುಗಳಿಗೆ ಇಟ್ಟಿರುವುದು ನಮ್ಮ ರಾಶಿಗಳ ಹೆಸರು. ನಮ್ಮ ಲೆಕ್ಕದಲ್ಲಿ ಅದು 2024ರ ಮಾರ್ಚ್. ಹೊರಟದ್ದು 2023ರ ಡಿಸೆಂಬರ್ ಮೊದಲ ವಾರ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್, ಕೊನೆಗೆ ಥಾಯ್ಲೆಂಡ್. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ, ಸೂಟ್‌ಕೇಸೂ ಇಲ್ಲ. ಅರವತ್ತು ದಾಟಿದ ಇಬ್ಬರು ಬೆನ್ನಿಗೆ ಚೀಲ ಕಟ್ಟಿಕೊಂಡು ಹೊರಟಾಗ ಸಾಗರದ ನೆಂಟರಿಷ್ಟರು ಏನೆಂದರು ಎಂಬುದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ನಮ್ಮವರು ಬ್ಯಾಂಕಿನಲ್ಲಿದ್ದವರು. ಪ್ರತಿ ರಾತ್ರಿ ಲೆಕ್ಕ ಬರೆಯದೆ ಮಲಗಿದವರಲ್ಲ. ಆ ಸಂಜೆಯೂ ನೋಟ್‌ಬುಕ್ ತೆರೆದು ಕೂಡಿಸಿ, ‘ವಿಮಾನದ ಟಿಕೆಟ್ ಬಿಟ್ಟರೆ ಇಬ್ಬರಿಗೂ ಸೇರಿ ದಿನಕ್ಕೆ ಮೂರೂವರೆ ಸಾವಿರ ದಾಟಿಲ್ಲ ಕಣೇ’ ಎಂದರು. ನನಗೆ ಬೇರೆಯದೇ ಲೆಕ್ಕ ತಲೆಯಲ್ಲಿತ್ತು.

ಈ ಎರಡು ಚೀಲಗಳನ್ನು ಕೊಡಿಸಿದವಳು ಮಗಳು. ಪುಣೆಯಲ್ಲಿ ಕೆಲಸದಲ್ಲಿದ್ದಾಳೆ, ಈಗ ಮೂವತ್ತಮೂರು. 2010ರಲ್ಲಿ, ಎಂಜಿನಿಯರಿಂಗ್ ಎರಡನೇ ವರ್ಷ ಮುಗಿದ ರಜೆಯಲ್ಲಿ, ಮೂವರು ಗೆಳತಿಯರ ಜೊತೆ ಇಪ್ಪತ್ತು ದಿನ ಹಿಮಾಚಲ ಪ್ರದೇಶ ಸುತ್ತಿ ಬರುತ್ತೇನೆಂದು ಕೇಳಿದ್ದಳು. ಸ್ಪಿತಿ ಕಣಿವೆಯ ನಕ್ಷೆಯನ್ನು ಕೈಯಲ್ಲೇ ಬರೆದು, ರೈಲು, ಬಸ್ಸು, ಖರ್ಚು ಎಲ್ಲವನ್ನೂ ಪಟ್ಟಿ ಮಾಡಿ ತಂದಿದ್ದಳು. ನಾವು ಆ ಪಟ್ಟಿಯನ್ನು ಪೂರ್ತಿ ಓದಲೂ ಇಲ್ಲ. ‘ಹೆಣ್ಣುಮಕ್ಕಳೇ ನಾಲ್ವರಾ? ಮದುವೆಯಾದ ಮೇಲೆ ಗಂಡನ ಜೊತೆ ಹೋಗು’ ಎಂದೆವು. ಹೇಳಿದವಳು ನಾನೇ. ಅವಳು ಜಗಳ ಮಾಡಲಿಲ್ಲ. ಮತ್ತೆಂದೂ ಕೇಳಲಿಲ್ಲ ಕೂಡ.

ಇದೆಲ್ಲ ಮರೆತೇಹೋಗಿತ್ತು. ನೆನಪಾದದ್ದು ಪ್ರವಾಸದ ಮೂರನೆಯ ದಿನ, ಹನೋಯಿಯಲ್ಲಿ.

ಅಲ್ಲಿನ ಹಳೇ ಪೇಟೆಯ ಹಾಸ್ಟೆಲ್‌ನಲ್ಲಿ ಎಂಟು ಮಂಚದ ಕೋಣೆ. ಒಂದರ ಮೇಲೊಂದು ಮಂಚ, ರೈಲಿನ ಬರ್ತ್ ಇದ್ದಂತೆ. ನಮಗೆ ಸಿಕ್ಕಿದ್ದು ಮೇಲಿನವು. ಹಾಲೆಂಡಿನ ಒಬ್ಬ ಹುಡುಗಿ ನಮ್ಮ ಮುಖ ನೋಡಿ, ಏನೂ ಕೇಳದೆ ತನ್ನ ಕೆಳಗಿನ ಮಂಚದ ಹಾಸಿಗೆಯನ್ನು ಮೇಲಕ್ಕೆ ಒಯ್ದಳು. ವಯಸ್ಸು ಹತ್ತೊಂಬತ್ತು. ಶಾಲೆ ಮುಗಿಸಿ, ಎಂಟು ತಿಂಗಳು ಅಂಗಡಿಯೊಂದರಲ್ಲಿ ದುಡಿದು, ಆ ಹಣದಲ್ಲಿ ಒಬ್ಬಳೇ ಹೊರಟಿದ್ದಳು. ಊರಿಗೆ ಹೋದಮೇಲೆ ಕಾಲೇಜು. ‘ನಿಮ್ಮಮ್ಮನಿಗೆ ಹೆದರಿಕೆಯಿಲ್ಲವೇ?’ ಎಂದು ಕೇಳಿದೆ. ‘ಇದೆ. ವಿಮಾನ ನಿಲ್ದಾಣದಲ್ಲಿ ಅತ್ತಳು. ಪ್ರತಿ ಭಾನುವಾರ ಫೋನ್ ಮಾಡಬೇಕೆಂದು ಮಾತಾಗಿದೆ’ ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮವರಿಗೂ ಬಂದಿರಲಿಲ್ಲವಂತೆ. ಇಬ್ಬರೂ ಪರಸ್ಪರ ಹೇಳಿಕೊಳ್ಳಲಿಲ್ಲ.

ಹಾಗೆಂದು ಹಾಸ್ಟೆಲ್‌ಗಳಲ್ಲಿ ಸಿಕ್ಕ ಎಳೆಯರೆಲ್ಲ ಹಾಗೇ ಇದ್ದರೆಂದು ತಿಳಿಯಬೇಡಿ. ರಾತ್ರಿಯೆಲ್ಲ ಕುಡಿದು, ಮಧ್ಯಾಹ್ನ ಎದ್ದು, ತಾವು ಯಾವ ದೇಶದಲ್ಲಿದ್ದೇವೆಂಬ ಗೊಡವೆಯೇ ಇಲ್ಲದವರನ್ನೂ ಬೇಕಾದಷ್ಟು ಕಂಡೆವು. ಬ್ಯಾಂಕಾಕಿನ ಖಾವೊ ಸಾನ್ ರಸ್ತೆಯಲ್ಲಂತೂ ಅಂಥವರದೇ ಜಾತ್ರೆ. ‘ಖಾವೊ ಸಾನ್’ ಎಂದರೆ ಅಕ್ಕಿ. ಹಿಂದೆ ಅದು ಅಕ್ಕಿ ವ್ಯಾಪಾರದ ಬೀದಿ. ಈಗ ಅಲ್ಲಿ ಅನ್ನಕ್ಕಿಂತ ಬಿಯರ್ ಬೇಗ ಸಿಗುತ್ತದೆ.

ಹನೋಯಿಯ ‘ಸಾಹಿತ್ಯ ದೇಗುಲ’ಕ್ಕೆ ಎರಡು ಸಲ ಹೋದೆವು. ಕನ್‌ಫ್ಯೂಷಿಯಸನ ಹೆಸರಿನಲ್ಲಿ 1070ರಲ್ಲಿ ಕಟ್ಟಿಸಿದ್ದು. ಕೆಲವೇ ವರ್ಷಗಳಲ್ಲಿ ಅಲ್ಲೇ ರಾಜಮನೆತನದ ವಿದ್ಯಾಲಯವೂ ಬಂತು. ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತ 82 ಶಿಲಾಫಲಕಗಳು. 1442ರಿಂದ 1779ರವರೆಗೆ ರಾಜನ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರು, ಊರು ಅವುಗಳ ಮೇಲೆ ಕೆತ್ತಿದೆ. ಪರೀಕ್ಷೆಗೆ ಮುನ್ನ ಮಕ್ಕಳು ಬಂದು ಆಮೆಯ ತಲೆ ಸವರುವುದು ವಾಡಿಕೆಯಾಗಿತ್ತು. ತಲೆಗಳು ಸವೆದು ಹೋಗುತ್ತವೆಂದು ಈಗ ಬೇಲಿ ಹಾಕಿದ್ದಾರೆ. ಬೇಲಿಯಾಚೆಗೇ ಒಬ್ಬ ತಾಯಿ ಮಗನ ಕಾಲರ್ ಸರಿಪಡಿಸಿ, ಕೈ ಮುಗಿಯುವಂತೆ ಅವನ ಬೆನ್ನಿಗೆ ತಿವಿಯುತ್ತಿದ್ದಳು. ಹುಡುಗನಿಗೆ ನಾಚಿಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಮ್ಮೂರ ಗಣಪತಿ ಗುಡಿಯಲ್ಲಿ ನಾನೂ ಹೀಗೇ ಮಗಳಿಗೆ ತಿವಿದದ್ದು ನೆನಪಾಯಿತು.

ಅಲ್ಲಿಂದ ದಕ್ಷಿಣಕ್ಕೆ ರೈಲು. ಹನೋಯಿಯಿಂದ ಸೈಗಾನ್‌ಗೆ 1726 ಕಿಲೋಮೀಟರ್. ಯುದ್ಧದಲ್ಲಿ ತುಂಡಾಗಿದ್ದ ಈ ಹಾದಿ ಮತ್ತೆ ಕೂಡಿದ್ದು 1976ರಲ್ಲಿ. ನಾವು ನಡುವೆ ಇಳಿದು ಮೀ ಸನ್ ನೋಡಿದೆವು. ನಾಲ್ಕನೆಯ ಶತಮಾನದಲ್ಲಿ ಚಂಪಾ ದೇಶದ ಭದ್ರವರ್ಮ ಶಿವಲಿಂಗ ಸ್ಥಾಪಿಸಿದ ಕಣಿವೆ ಅದು. ಇಟ್ಟಿಗೆಯ ಗುಡಿಗಳಲ್ಲಿ ಹಲವು 1969ರ ಅಮೆರಿಕನ್ ಬಾಂಬುಗಳಿಗೆ ಕುಸಿದವು. ಉಳಿದವುಗಳಲ್ಲಿ ಕೆಲವನ್ನು ಈಚೆಗೆ ರಿಪೇರಿ ಮಾಡಿದವರು ನಮ್ಮ ಪುರಾತತ್ವ ಇಲಾಖೆಯವರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ನಾನು ವಿಯೆಟ್ನಾಂ ಯುದ್ಧವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಬಾಂಬು ಬಿದ್ದ ಗುಂಡಿಯ ಅಂಚಿನಲ್ಲಿ ನಿಂತಾಗ ಆ ಹತ್ತು ನಿಮಿಷಕ್ಕೆ ನಾಚಿಕೆಯಾಯಿತು.

ಆದರೆ ನಾಚಿಕೆ ಎಂಬ ಮಾತು ಸಾಲದಾದದ್ದು ನೊಮ್ ಪೆನ್‌ನಲ್ಲಿ. ಕಾಂಬೋಡಿಯಾದ ರಾಜಧಾನಿ ಅದು. ಊರ ನಡುವೆ ‘ತ್ವೋಲ್ ಸ್ಲೆಂಗ್’ ಎಂಬ ಮ್ಯೂಸಿಯಂ ಇದೆ. 1975ರ ಏಪ್ರಿಲ್‌ವರೆಗೆ ಅದೊಂದು ಹೈಸ್ಕೂಲು. ಉದ್ದನೆಯ ಜಗಲಿ, ಮೂರು ಅಂತಸ್ತು, ನಡುವೆ ಆಟದ ಬಯಲು. ನಾನು ಪಾಠ ಮಾಡಿದ ಶಾಲೆಯಂತೆಯೇ! ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆ ಅಧಿಕಾರ ಹಿಡಿದ ಮೇಲೆ ಅದನ್ನು ಸೆರೆಮನೆ ಮಾಡಿತು. ತರಗತಿಗಳೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಗೂಡುಗಳು, ಜಗಲಿಗೆ ಮುಳ್ಳುತಂತಿ. ಮಕ್ಕಳು ಕಸರತ್ತು ಮಾಡುತ್ತಿದ್ದ ಕಂಬದಲ್ಲಿ ಮನುಷ್ಯರನ್ನು ತೂಗುಹಾಕಿ ಹಿಂಸಿಸಿದರು. ನಾಲ್ಕು ವರ್ಷ ತುಂಬುವುದರೊಳಗೆ ಅಲ್ಲಿಗೆ ಬಂದವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಒಳಬಂದ ಪ್ರತಿಯೊಬ್ಬರ ಫೋಟೋ ತೆಗೆದಿಟ್ಟಿದ್ದಾರೆ. ಅವುಗಳಲ್ಲಿ ಮಕ್ಕಳಿದ್ದಾರೆ, ಹಸುಗೂಸು ಎತ್ತಿಕೊಂಡ ತಾಯಂದಿರಿದ್ದಾರೆ.

ಈ ಸೆರೆಮನೆಯ ಮುಖ್ಯಸ್ಥ ಡುಯಿಕ್ ಎಂಬುವನು ಮೊದಲು ಗಣಿತದ ಮೇಷ್ಟ್ರು. ಅಂತರರಾಷ್ಟ್ರೀಯ ನೆರವಿನ ನ್ಯಾಯಾಲಯ 2012ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2020ರಲ್ಲಿ ಸತ್ತ. ಮೇಷ್ಟ್ರು ಎಂಬ ಒಂದು ಪದ ನನ್ನನ್ನು ಆ ಬಯಲಿನ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿತು. ಪಕ್ಕದಲ್ಲಿ ಒಬ್ಬ ಜಪಾನಿ ಹುಡುಗ ಕೂತಿದ್ದ, ಅವನೂ ಮಾತಾಡಲಿಲ್ಲ. ಎದ್ದು ಹೋಗುವಾಗ ನನ್ನ ಕೈಗೆ ಒಂದು ಪೆಪ್ಪರ್‌ಮೆಂಟ್ ಇಟ್ಟು ಹೋದ. ಅದರ ಕಾಗದ ಈಗಲೂ ನನ್ನ ಪರ್ಸಿನಲ್ಲಿದೆ.

ಆಂಕೋರ್ ವಾಟ್ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ಆ ವಿಷ್ಣು ದೇಗುಲದ ಪಡಸಾಲೆಯಲ್ಲಿ ಸಮುದ್ರ ಮಥನದ ಸುಮಾರು 49 ಮೀಟರ್ ಉದ್ದದ ಉಬ್ಬುಶಿಲ್ಪವಿದೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ನಮ್ಮವರು ಒಂದೊಂದಾಗಿ ಎಣಿಸಿ ತಾಳೆ ನೋಡಿದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಏಕೆಂದರೆ ಎಣಿಸಿ ಬಂದ ರಾತ್ರಿಯೇ ಅವರಿಗೆ ಜ್ವರ. ಮೂರು ದಿನ ಇಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ನಾನು ಹೇಳಿಕೊಳ್ಳದ ದೇವರಿಲ್ಲ. ಹಾಸ್ಟೆಲ್‌ನ ಎಳೆಯರೇ ಸರದಿಯ ಮೇಲೆ ಎಳನೀರು ತಂದುಕೊಟ್ಟರು. ಮಗಳಿಗೆ ತಿಳಿಸಬಾರದೆಂದಿದ್ದೆವು, ದನಿಯಲ್ಲೇ ಕಂಡುಹಿಡಿದಳು. ‘ಸಾಕು ಅಮ್ಮ, ವಾಪಸ್ ಬಂದುಬಿಡಿ. ಆ ವಯಸ್ಸಿನಲ್ಲಿ ಇದೆಲ್ಲ ಯಾಕೆ? ನಾಳೆಯೇ ಟಿಕೆಟ್ ಮಾಡುತ್ತೇನೆ.’ ನಾನು ‘ಏನೂ ಆಗುವುದಿಲ್ಲ ಬಿಡೇ, ನಾವೇನು ಮಕ್ಕಳಾ?’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಸರಿ’ ಎಂದಳು. ಹದಿನಾಲ್ಕು ವರ್ಷದ ಹಿಂದೆ ಹೇಳಿದ ಅದೇ ‘ಸರಿ’.

ಆದರೆ ನಾವು ಅವಳ ಮಾತು ಕೇಳಲಿಲ್ಲ. ಲಾವೋಸಿಗೆ ಹೋದೆವು.

ಲಾವೋಸಿನಲ್ಲಿ 2021ರ ಡಿಸೆಂಬರಿನಿಂದ ಚೀನಾದ ಗಡಿಯವರೆಗೆ ರೈಲು ಓಡುತ್ತಿದೆ. ರಾಜಧಾನಿ ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡೇ ಗಂಟೆ. ಅಲ್ಲಿಂದ ಥಾಯ್ ಗಡಿಗೆ ಮಾತ್ರ ನಾವು ಮೆಕಾಂಗ್ ನದಿಯ ನಿಧಾನದ ದೋಣಿಯನ್ನೇ ಹಿಡಿದೆವು. ಎರಡು ಹಗಲು ಪ್ರವಾಹಕ್ಕೆ ಎದುರಾಗಿ ಪಯಣ, ನಡುವೆ ಪಾಕ್ ಬೆಂಗ್ ಎಂಬ ಹಳ್ಳಿಯಲ್ಲಿ ರಾತ್ರಿ. ದೋಣಿಯಲ್ಲಿ ಮಾಡುವ ಕೆಲಸವೇನೂ ಇಲ್ಲ. ಬಿದಿರ ಬುಟ್ಟಿಯಿಂದ ಅಂಟಂಟಾದ ಲಾವೋ ಅನ್ನ ತೆಗೆದು, ಉಂಡೆ ಕಟ್ಟಿ, ಕೊನೆಯ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಾ ಮಾತಿಗೆ ಕೂತೆವು.

‘ರೀ, ಅವತ್ತು ಅವಳನ್ನು ಕಳಿಸಬೇಕಿತ್ತು’ ಎಂದೆ.

ಅವರು ಒಪ್ಪಲಿಲ್ಲ. ‘ಆಗ ಅವಳ ಕೈಯಲ್ಲಿದ್ದದ್ದು ಸಣ್ಣ ಫೋನು. ಸ್ಪಿತಿಯಲ್ಲಿ ಅದಕ್ಕೆ ಸಿಗ್ನಲ್ ಸಿಗುತ್ತಿತ್ತಾ? ಏನಾದರೂ ಆಗಿದ್ದರೆ ನೀನೇ ನನ್ನನ್ನು ಸುಮ್ಮನೆ ಬಿಡುತ್ತಿದ್ದೆಯಾ?’

‘ಬಿಡುತ್ತಿರಲಿಲ್ಲ. ಆದರೂ ಆ ಪಟ್ಟಿಯನ್ನಾದರೂ ಓದಬಹುದಿತ್ತು.’

ಇದಕ್ಕೆ ಅವರು ಉತ್ತರ ಕೊಡಲಿಲ್ಲ. ದಡದ ಮರಳಿನಲ್ಲಿ ಎಮ್ಮೆಗಳು ಮಲಗಿದ್ದವು. ಬಹಳ ಹೊತ್ತಿನ ಮೇಲೆ, ‘ರೈಲು ಯಾವುದು ಬರೆದಿದ್ದಳು, ನೆನಪಿದೆಯಾ?’ ಎಂದು ಕೇಳಿದರು. ನನಗೆ ನೆನಪಿರಲಿಲ್ಲ.

ಬ್ಯಾಂಕಾಕಿನ ಆ ಕೊನೆಯ ಸಂಜೆ, ಸಾಮಾನನ್ನೆಲ್ಲ ಮತ್ತೆ ತುಂಬಿದ ಮೇಲೆ, ನಾನೇ ಮಗಳಿಗೆ ಫೋನ್ ಮಾಡಿದೆ. ಎಲ್ಲಿಂದ ಶುರುಮಾಡುವುದೆಂದು ಗೊತ್ತಾಗದೆ ‘ಆ ಸ್ಪಿತಿ ಪಟ್ಟಿ ಇನ್ನೂ ಇದೆಯೇನೇ?’ ಎಂದೆ. ಅವಳು ನಕ್ಕಳು. ‘ಅದನ್ನು ಅವತ್ತೇ ಹರಿದುಹಾಕಿದೆ, ಅಮ್ಮ.’ ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ತರಗತಿಯಲ್ಲಿ ಅಷ್ಟು ಮಕ್ಕಳಿಂದ ಆ ಮಾತು ಹೇಳಿಸಿದವಳು ನಾನು. ನನ್ನ ಬಾಯಿಂದ ಹೊರಡಲು ಹೊತ್ತು ಹಿಡಿಯಿತು. ಹೇಳಿದೆ. ಅವಳು ‘ಇರಲಿ ಬಿಡು’ ಎನ್ನಲಿಲ್ಲ. ‘ಆಗ ತುಂಬಾ ಬೇಜಾರಾಗಿತ್ತು. ಮೂವರೂ ಹೋಗಿಬಂದರು, ನಾನೊಬ್ಬಳೇ ಮನೆಯಲ್ಲಿದ್ದೆ’ ಎಂದಳು. ಇಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

ಬೆಳಿಗ್ಗೆ ಸುವರ್ಣಭೂಮಿ ವಿಮಾನ ನಿಲ್ದಾಣ. ಪಾಸ್‌ಪೋರ್ಟ್ ತಪಾಸಣೆ ದಾಟಿದರೆ ಅಲ್ಲೂ ಸಮುದ್ರ ಮಥನ! ಬಣ್ಣ ಬಳಿದ ದೊಡ್ಡ ಬೊಂಬೆಗಳು. ವಾಸುಕಿಯ ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು. ನಮ್ಮವರು ಎಣಿಸಲು ಶುರುಮಾಡುವಷ್ಟರಲ್ಲಿ ಮಗಳ ಫೋನು ಬಂತು. ಸ್ಪೀಕರ್ ಹಾಕಿದರು.

‘ಅಪ್ಪ, ನಿಮ್ಮ ಚೀಲ ತೊಳೆದು ಒಣಗಿಸಿಡಿ. ಜೂನ್ ತಿಂಗಳಲ್ಲಿ ನನಗೆ ಬೇಕು. ಸ್ಪಿತಿಗೆ ಹೋಗ್ತಿದ್ದೀನಿ.’

‘ಯಾರ ಜೊತೆ’ ಎಂಬ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕನ್ನಡಕ ತೆಗೆದು ಒರೆಸಿಕೊಂಡರು.

‘ಬಲಗಡೆಯ ಜಿಪ್ಪು ಹಾಳಾಗಿದೆ ಮಗಳೇ. ನೀನು ಬರುವುದರೊಳಗೆ ರಿಪೇರಿ ಮಾಡಿಸಿಡ್ತೀನಿ.’