ರಾಯಚೂರಿನ ಕೋಟೆಯೂ ಒಂದು ಸೀಸದ ಗುಂಡೂ

ಮುಂಬಯಿಯಿಂದ ಇಳಿದು ಬಂದ ಕಬ್ಬಿಣದ ಹಾದಿಯೂ ಮದರಾಸಿನಿಂದ ಏರಿ ಬಂದ ಹಾದಿಯೂ 1871ರಲ್ಲಿ ಒಂದನ್ನೊಂದು ಸಂಧಿಸಿದ್ದು ರಾಯಚೂರಿನಲ್ಲಿ. ಅಂದಿನಿಂದ ಅಸಂಖ್ಯ ಪ್ರಯಾಣಿಕರು ಈ ನಿಲ್ದಾಣದಲ್ಲಿ ಚಹಾ ಕುಡಿದು, ಬಿಸಿಲನ್ನು ಶಪಿಸಿ, ಮುಂದಕ್ಕೆ ಸಾಗಿದ್ದಾರೆ. ಗಾಡಿಯಿಂದಿಳಿದು ಕೋಟೆಯತ್ತ ಹೆಜ್ಜೆ ಹಾಕುವವರು ಮಾತ್ರ ವಿರಳ. ಹಾಗೆ ಹೋದವರಿಗೆ ಒಳಗೋಡೆಯ ಒಂದು ಕಲ್ಲು ಮೊದಲು ಬೆರಗು ಹಿಡಿಸುತ್ತದೆ. ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಚಪ್ಪಡಿ ಅದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ ರೆಡ್ಡಿಯ ಪರವಾಗಿ ಈ ಕೋಟೆ ಕಟ್ಟಲ್ಪಟ್ಟಿತೆಂಬ ಶಾಸನ ಅದರ ಮೇಲಿದೆ. ಅಂಥದೇ ಬಂಡೆಯನ್ನು ಬಂಡಿಯ ಮೇಲೇರಿಸಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆಯುತ್ತಿರುವ ಚಿತ್ರವನ್ನೂ ಪಕ್ಕದಲ್ಲಿ ಕೊರೆದಿದ್ದಾರೆ. ಶಿಲ್ಪಿಗಳಿಗೆ ತಮ್ಮ ಶ್ರಮದ ಬಗೆಗೆ ಅಭಿಮಾನವಿದ್ದುದು ಸಹಜವೇ.

ಇಂಥ ಗೋಡೆಯನ್ನು ಕಟ್ಟಿದವರ ಎಣಿಕೆಯಲ್ಲಿ ಬಿಲ್ಲು, ಈಟಿ, ಕವಣೆಗಲ್ಲುಗಳಿದ್ದುವೇ ಹೊರತು ಬೆರಳಿನ ಗಾತ್ರದ ಸೀಸದ ಗುಂಡು ಇರಲಿಲ್ಲ. ಆ ಗುಂಡು 1520ರಲ್ಲಿ ಬಂದಿತು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರವೂ ಬಹಮನಿ ರಾಜ್ಯವೂ, ಅದರ ಬಳಿಕ ಬಿಜಾಪುರವೂ ಕಾದಾಡಿದ್ದಕ್ಕೆ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದನು. ಇಸ್ಮಾಯಿಲ್ ಆದಿಲ್ ಶಹನು ಕೃಷ್ಣೆಯನ್ನು ದಾಟಿ ಬಂದು, ಮೇ 19ರಂದು ತನ್ನ ಫಿರಂಗಿಗಳನ್ನೆಲ್ಲ ಒಮ್ಮೆಗೇ ಹಾರಿಸಿದನು. ವಿಜಯನಗರದ ಮುಂಚೂಣಿ ಚದುರಿತು. ಆದರೆ ಒಮ್ಮೆ ಹಾರಿದ ಫಿರಂಗಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಆ ಹೊತ್ತನ್ನು ರಾಯನು ಕೊಡಲಿಲ್ಲ. ಎರಡನೆಯ ಸಾಲನ್ನು ತಾನೇ ಮುಂದಾಗಿ ನಡೆಸಿದನು. ಶಹನ ಸೈನ್ಯ ನದಿಯವರೆಗೆ ಓಡಿತು. ನೀರಿನಲ್ಲಿ ಮುಳುಗಿ ಸತ್ತವರು ಬಹಳ ಮಂದಿ. ನಾನೂರು ದೊಡ್ಡ ಫಿರಂಗಿಗಳು ರಾಯನ ಕೈಸೇರಿದುವೆಂದು ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವನ ಅಂಕೆಗಳಲ್ಲಿ ಉತ್ಪ್ರೇಕ್ಷೆಯ ಮಸಾಲೆ ತುಸು ಹೆಚ್ಚೇ. ಕಥೆಯ ಓಟವನ್ನು ಮಾತ್ರ ನಂಬಬಹುದು.

ಬಯಲಿನಲ್ಲಿ ಗೆದ್ದರೂ ಕೋಟೆ ಬಗ್ಗಲಿಲ್ಲ. ಗೋಡೆಯ ಬುಡಕ್ಕೆ ಹಾರೆ ಗುದ್ದಲಿ ಹಿಡಿದು ಹೋದ ಕಾಲಾಳುಗಳು ಕಿತ್ತು ತಂದ ಕಲ್ಲಿಗೆ ನಾಯಕರು ಇಂತಿಷ್ಟು ಪಣವೆಂದು ಬೆಲೆ ಕೊಡುತ್ತಿದ್ದರಂತೆ. ಕೋಟೆಯ ಮೇಲೆ ತೋಪುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಎತ್ತರದಲ್ಲಿ ನಿಲ್ಲಿಸಿದ ತೋಪಿನ ಮೂತಿಯನ್ನು ಬುಡದಲ್ಲಿರುವವನತ್ತ ಬಗ್ಗಿಸಲು ಬರುತ್ತಿರಲಿಲ್ಲ. ಕೆಳಗಿನವರನ್ನು ಕೊಲ್ಲಬೇಕಾದರೆ ಮೇಲಿನವರು ತೆನೆಗಳಿಂದ ಹೊರಚಾಚಿ ಕಲ್ಲು ಎಸೆಯಬೇಕು, ಬಾಣ ಬಿಡಬೇಕು. ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾವ್ ದ ಫಿಗೆರೆದೊ ಎಂಬವನು ಇದನ್ನು ಕಂಡನು. ತನ್ನೊಡನಿದ್ದ ಇಪ್ಪತ್ತು ಮಂದಿ ಪೋರ್ತುಗೀಜ ಕೋವಿಗಾರರನ್ನು ನಿಲ್ಲಿಸಿ, ತೆನೆಯಿಂದ ಹೊರಚಾಚಿದ ತಲೆಗಳನ್ನೇ ಗುರಿಯಾಗಿಸಿದನು. ಕೆಲವು ದಿನಗಳಲ್ಲೇ ಗೋಡೆಯ ಆ ಭಾಗ ಬರಿದಾಯಿತು. ಏನಾಗುತ್ತಿದೆಯೆಂದು ನೋಡಲು ಕೋಟೆಯ ಅಧಿಪತಿಯೇ ಬಗ್ಗಿದಾಗ ಗುಂಡು ಅವನ ಹಣೆಗೆ ತಾಕಿತು. ಮರುದಿನ ಊರು ಶರಣಾಯಿತು.

ಆ ಕೋವಿಯಾದರೂ ಎಂಥದು? ಕೊಳವೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿದು, ಕಿವಿಯ ಬಳಿ ಚಿಟಿಕೆ ಮದ್ದಿಟ್ಟು, ಹೊಗೆಯಾಡುವ ಜಾಮಗಿಯನ್ನು ಊದಿ, ಆಮೇಲೆ ಕುದುರೆ ಎಳೆಯಬೇಕು. ಇಷ್ಟಾಗುವ ಹೊತ್ತಿಗೆ ಒಳ್ಳೆಯ ಬಿಲ್ಲುಗಾರ ನಾಲ್ಕಾರು ಬಾಣ ಬಿಟ್ಟಿರುತ್ತಾನೆ. ಮಳೆ ಬಂದರೆ ಜಾಮಗಿ ಆರಿತು, ಕೋವಿ ದೊಣ್ಣೆಯಾಯಿತು. ಇದರ ಪಕ್ಕದಲ್ಲಿ ಇಂದಿನ ಪಿಸ್ತೂಲನ್ನಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಮೆರಿಕದ ಜಾನ್ ಬ್ರೌನಿಂಗನು ರೂಪಿಸಿ 1911ರಲ್ಲಿ ಆ ದೇಶದ ಸೈನ್ಯಕ್ಕೆ ಸೇರಿದ ಪಿಸ್ತೂಲಿನ ಹಿಡಿಯಲ್ಲಿ ಏಳು ತೋಟೆಗಳು. 1935ರ ಬ್ರೌನಿಂಗ್ ಹೈ ಪವರಿನಲ್ಲಿ ಹದಿಮೂರು. ಅದರ ನಮೂನೆಯನ್ನು ನಮ್ಮ ಈಶಾಪುರದ ಕಾರ್ಖಾನೆಯೂ ತಯಾರಿಸಿದೆ. 1980ರ ದಶಕದಲ್ಲಿ ಬಂದ ಆಸ್ಟ್ರಿಯದ ಗ್ಲಾಕ್ 17ರಲ್ಲಿ ಹದಿನೇಳು, ಹೊರಮೈಯೂ ಬಹುಪಾಲು ಪ್ಲಾಸ್ಟಿಕ್ಕಿನದು. ಆದರೂ ಒಂದು ವಿಶೇಷವುಂಟು. ಪಿಸ್ತೂಲಿನ ನಂಬಿಕೆಯ ಗುರಿ ಐವತ್ತು ಮೀಟರಿನ ಆಸುಪಾಸು. ಫಿಗೆರೆದೊನ ಉದ್ದ ಕೊಳವೆಯ ಕೋವಿ ಅದಕ್ಕೇನೂ ಸೋಲುವಂಥದಲ್ಲ. ಐದು ಶತಮಾನಗಳಲ್ಲಿ ಕೈಗೆ ದಕ್ಕಿದ ಲಾಭವೆಲ್ಲ ವೇಗದಲ್ಲಿ, ಹಗುರದಲ್ಲಿ, ಮಳೆಗೆ ಅಂಜದಿರುವುದರಲ್ಲಿ.

ಮಾತಿನ ನಡುವೆ ಇನ್ನೊಂದು. ಪೋರ್ತುಗೀಜನನ್ನು ಪರಂಗಿಯವನೆಂದೂ, ತೋಪನ್ನು ಫಿರಂಗಿಯೆಂದೂ, ಸಮುದ್ರದಾಚೆಯಿಂದ ಬಂದ ಹಣ್ಣನ್ನು ಪರಂಗಿಹಣ್ಣೆಂದೂ ಕನ್ನಡಿಗರು ಒಂದೇ ಪದದಲ್ಲಿ ಸುತ್ತಿಬಿಟ್ಟಿದ್ದಾರೆ. ಮೂರರಲ್ಲಿ ಇಂದಿಗೂ ಮನೆಮನೆಯಲ್ಲಿ ಉಳಿದಿರುವುದು ಹಣ್ಣೊಂದೇ.

ಗೆದ್ದ ರಾಯನು, ಊರನ್ನು ಮರಳಿ ಕೇಳಿದ ಶಹನಿಗೆ, ಬಂದು ತನ್ನ ಪಾದಕ್ಕೆ ಮುತ್ತಿಡಲೆಂದು ಹೇಳಿಕಳುಹಿಸಿದನು. ಗೆಲುವಿನ ಗರ್ವ ಹಾಗೆ. ಸೋತವರು ಬೇರೆ ಪಾಠ ಕಲಿತರೆಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸುತ್ತಾರೆ. ಬಿಜಾಪುರದವರು ಮುಂದಿನ ದಶಕಗಳಲ್ಲಿ ಕೊತ್ತಲಗಳನ್ನೇ ಬದಲಿಸಿ, ಅವುಗಳ ಮೇಲೆ ಸುತ್ತಲೂ ತಿರುಗಿಸಬಹುದಾದ ಕೀಲಿನ ತೋಪುಗಳನ್ನು ನಿಲ್ಲಿಸಿದರು. ವಿಜಯನಗರಕ್ಕೆ ಅಂಥ ಅವಸರ ಕಾಣಲಿಲ್ಲ. 1565ರ ಜನವರಿಯಲ್ಲಿ, ರಕ್ಕಸಗಿ ತಂಗಡಗಿಯ ಬಯಲಿನಲ್ಲಿ, ಅಹಮದನಗರದ ತೋಪುಗಳಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರೆಂದು ಫೆರಿಷ್ತ ಹೇಳುತ್ತಾನೆ. ರಾಯಚೂರಿನ ಬೆಟ್ಟದ ನೆತ್ತಿಯಲ್ಲಿ ಇಪ್ಪತ್ತು ಅಡಿಗೆ ಸಮೀಪದ ಕಬ್ಬಿಣದ ತೋಪೊಂದು ಮಲಗಿದೆ. ಸಂಜೆ ಅಲ್ಲಿಗೆ ಏರಿದರೆ ಕೆಳಗೆ ಮಾವಿನ ಕೆರೆ, ಊರಿನ ಮಾಳಿಗೆಗಳು, ದೂರದ ರೈಲುಗಾಡಿಯ ಹೊಗೆಯಿಲ್ಲದ ಓಟ ಎಲ್ಲವೂ ಕಾಣುತ್ತವೆ. ಮಕ್ಕಳನ್ನು ಕರೆದೊಯ್ಯುವವರು ನೀರಿನ ಸೀಸೆ ಮರೆಯಬಾರದು.

ನೈಋತ್ಯಕ್ಕೆ ಮಾನ್ವಿ. ಇಲ್ಲಿಯೂ ಬೆಟ್ಟದ ಮೇಲೆ ಪಾಳುಕೋಟೆಯುಂಟು. ಆದರೆ ಮಾನ್ವಿಯ ಕೀರ್ತಿ ಕೋಟೆಯಿಂದಲ್ಲ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ನೆಲೆಸಿದ ಊರಿದು. ಎಡದಂಡೆ ಕಾಲುವೆಯ ನೀರು ತಲುಪಿದ ಕಡೆ ಬತ್ತದ ಹಸುರು ಕಣ್ಣು ತಣಿಸುತ್ತದೆ.

ದೇವದುರ್ಗದ ಕಥೆ ಬೇರೆ. ಅದು ಬೇಡ ನಾಯಕರ ಬೀಡು. ಉತ್ತರಕ್ಕೆ ಕೃಷ್ಣೆ, ಆಚೆಯ ದಡದಲ್ಲಿ ಅದೇ ಜನದ ಸುರಪುರ ಸೀಮೆ. ಈ ಬೇಡ ಕೋವಿಗಾರರ ಗುರಿಗೆ ಮೊಗಲರೂ ಬೆದರಿದ್ದರು. ಮುದುಕ ಔರಂಗಜೇಬನು ತಾನೇ ನಿಂತು ನಡೆಸಿದ ಕಡೆಯ ಮುತ್ತಿಗೆ 1705ರಲ್ಲಿ ಅಲ್ಲಿನ ವಾಗಿನಗೇರಿಯ ಮೇಲೆ. ಕೋಟೆ ಸಿಕ್ಕಿತು, ಪಿಡ್ಡನಾಯಕ ಸಿಗಲಿಲ್ಲ.

ಒಂದೂವರೆ ಶತಮಾನದ ಬಳಿಕ, 1858ರ ಫೆಬ್ರವರಿಯಲ್ಲಿ, ಸುರಪುರದ ತರುಣ ದೊರೆ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದನು. ಅವನ ಬಾಲ್ಯದಲ್ಲಿ ಸಂಸ್ಥಾನವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಶಿಕ್ಷೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಮದರಾಸಿನ ಕಡೆಗೆ ಕರೆದೊಯ್ಯುತ್ತಿದ್ದಾಗ, ಕಾವಲಿನ ಅಧಿಕಾರಿ ತನ್ನ ನಡುಪಟ್ಟಿಯನ್ನೂ ಅದರಲ್ಲಿದ್ದ ರಿವಾಲ್ವರನ್ನೂ ಬಿಚ್ಚಿಟ್ಟು ಗುಡಾರದ ಹೊರಗೆ ಹೋಗಿದ್ದನು. ಒಳಗಿನಿಂದ ಒಂದು ಸದ್ದು ಕೇಳಿಸಿತು. ಅವನು ಓಡಿ ಬರುವಷ್ಟರಲ್ಲಿ ದೊರೆಯ ಪ್ರಾಣ ಹೋಗಿತ್ತು. ಹೊಗೆಯಾಡುವ ಜಾಮಗಿ ಬೇಡದ ಆಯುಧವದು. ಕೈತಪ್ಪಿ ಹಾರಿತೋ, ಬೇಕೆಂದೇ ಹಾರಿಸಿಕೊಂಡನೋ ಎಂಬುದು ಇತ್ಯರ್ಥವಾಗಲಿಲ್ಲ. ಸೆರೆ ಮುಗಿಸಿ ಬಂದಿದ್ದರೆ ಅವನ ಸೀಮೆ ಅವನಿಗೇ ಮರಳುವ ಸಾಧ್ಯತೆಯಿತ್ತೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1860ರಲ್ಲಿ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು.