ಬಾಡಗಂಡಿಯ ದಾರಿಯಲ್ಲಿ ಒಂದು ರಾತ್ರಿ

ಸೈಕಲ್ಲಿನ ಮೇಲೆ ಒಂಟಿಯಾಗಿ ಊರೂರು ಸುತ್ತುವವರಿಗೆ ಹಗಲಿನ ಚಿಂತೆಗಳು ಬಗೆಹರಿಯುವಂಥವು. ಪಂಕ್ಚರ್ ಆದರೆ ತೇಪೆ ಹಚ್ಚಬಹುದು, ಏರು ಬಂದರೆ ಇಳಿದು ತಳ್ಳಬಹುದು. ಸಂಜೆಯ ಚಿಂತೆಯೇ ಬೇರೆ. ಇಂದು ಯಾರ ಮನೆ? ಆ ಮನೆಯವರು ಎಂಥವರು?

ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬರೇ ಸೈಕಲ್ ತುಳಿಯುತ್ತ ಭಾರತ ತಲುಪಿದವರು. ತುರ್ಕಿಯ ಗಡಿಯೂರೊಂದರಲ್ಲಿ ಅವರು ತಂಗಿದ ಕೋಣೆಗೆ ಅಗುಳಿಯಿರಲಿಲ್ಲ. ರಾತ್ರಿ ಎಚ್ಚರವಾದಾಗ ಆಜಾನುಬಾಹು ಗಂಡಸೊಬ್ಬ ಹಾಸಿಗೆಯ ಮೇಲೆ ಬಾಗಿ ನಿಂತಿದ್ದ. ಕೈಗೆಟುಕಿದ ಪಿಸ್ತೂಲಿನಿಂದ ಸೂರಿಗೆ ಗುಂಡು ಹಾರಿಸಿದರು; ಆಸಾಮಿ ಓಡಿದ. ಇದೇ ಮರ್ಫಿ ಹತ್ತು ವರ್ಷದ ಮೇಲೆ ಪುಟ್ಟ ಮಗಳೊಂದಿಗೆ ನಮ್ಮ ಕೊಡಗಿಗೆ ಬಂದು ಉಳಿದರು, ಪುಸ್ತಕವನ್ನೂ ಬರೆದರು. ಆ ಸಲ ಸೈಕಲ್ ಇರಲಿಲ್ಲ, ಅಷ್ಟೆ.

ಅಪಾಯ ಕಣ್ಣೆದುರೇ ನಿಂತರೆ ಏನಾದರೂ ಮಾಡಬಹುದು. ಅಪಾಯವೋ ಅಲ್ಲವೋ ತಿಳಿಯದೆ ಬೆಳಗು ಮಾಡುವುದು ಹೆಚ್ಚು ಕಷ್ಟ. ಕೆಲವು ವರ್ಷಗಳ ಹಿಂದೆ ತುಮಕೂರು ಕಡೆಯ ತರುಣನೊಬ್ಬನಿಗೆ ಅದು ಬಾಡಗಂಡಿಯ ದಾರಿಯಲ್ಲಿ ತಿಳಿಯಿತು.

ಡಿಸೆಂಬರ್ ತಿಂಗಳು, ಕಬ್ಬು ಕಡಿಯುವ ಕಾಲ. ವಿಜಯಪುರದ ಗೋಳಗುಮ್ಮಟ ನೋಡಿಕೊಂಡು ಬಾದಾಮಿಗೆ ಹೊರಟಿದ್ದ. ಗುಮ್ಮಟದ ಗ್ಯಾಲರಿಯಲ್ಲಿ ಎದುರು ಬದಿಯವರ ಪಿಸುಮಾತು ಕಿವಿಯಲ್ಲೇ ಹೇಳಿದಂತೆ ಕೇಳಿದ್ದು ಅವನಿಗೆ ಬಹಳ ಹಿಡಿಸಿತ್ತು. ಕೊಲ್ಹಾರದ ಬಳಿ ಕೃಷ್ಣೆಯ ಉದ್ದ ಸೇತುವೆ ದಾಟಿ ಬಾಡಗಂಡಿಯತ್ತ ಬರುವಾಗ ಹಿಂದಿನ ಟೈರು ಗಾಜಿನ ಚೂರಿಗೆ ಸಿಕ್ಕು ಹರಿಯಿತು. ಕತ್ತಲಾಗಿತ್ತು. ಜೋಡಿ ಟ್ರೇಲರಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ, ಮುಂದೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಆ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದಕ್ಕಿಂತ ಗುರುತಿಲ್ಲದವರ ಬಾಗಿಲು ತಟ್ಟುವುದೇ ವಾಸಿ.

ಹೊಲದ ಮನೆಯೊಂದರಲ್ಲಿ ದೀಪವಿತ್ತು. ಒಬ್ಬ ಅಜ್ಜ, ಕೂಸನ್ನೆತ್ತಿಕೊಂಡ ಸೊಸೆ. ಮಗ ಕಬ್ಬಿನ ಲೋಡು ತೆಗೆದುಕೊಂಡು ಕಾರ್ಖಾನೆಗೆ ಹೋಗಿದ್ದ.

"ಮನ್ಯಾಗ ಜಗಳಾ ಮಾಡಿ ಬಂದಿಯೇನ ತಮ್ಮಾ?" ಅಜ್ಜನ ಮೊದಲ ಪ್ರಶ್ನೆ.

"ಇಲ್ಲ ಅಜ್ಜ, ಊರು ನೋಡೋಕೆ ಹೊರಟಿದ್ದೀನಿ."

"ಮತ್ತ ಬಸ್ಸ ಅದಾವಲ್ಲ?"

ಇದಕ್ಕೆ ತರುಣ ಏನು ಹೇಳಿದರೂ ಅಜ್ಜನಿಗೆ ಸಮಾಧಾನವಾಗಲಿಲ್ಲ, ಆಗುವಂಥದ್ದೂ ಅಲ್ಲವೆನ್ನಿ. ಆಧಾರ್ ಕಾರ್ಡ್ ಕೇಳಿದ. ಸೊಸೆ ಗಟ್ಟಿಯಾಗಿ ಓದಿದಳು. ಅಜ್ಜ ಅದನ್ನು ತನ್ನ ಒಳಗಿಸೆಗೆ ಹಾಕಿ, "ಮುಂಜಾನೆ ಕೊಡತೇನಿ" ಎಂದ. ಸೈಕಲ್ಲನ್ನು ಎತ್ತಿನ ಗೂಟಕ್ಕೆ ಸರಪಳಿ ಹಾಕಿ ಬಿಗಿದ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹೊಟ್ಟೆ ತುಂಬ ಬಡಿಸಿದರು. ಪಡಸಾಲೆಯಲ್ಲಿ ಅಜ್ಜನ ಪಕ್ಕ ಕೌದಿ ಹಾಸಿದರು. ಒಳಬಾಗಿಲು ಮುಚ್ಚಿದ ಮೇಲೆ, ಅದರ ಹಿಂದೆ ಭಾರವಾದದ್ದೇನನ್ನೋ ದರದರ ಎಳೆದ ಸದ್ದು.

ಕಾರ್ಡಿಲ್ಲ, ಸೈಕಲ್ಲಿಲ್ಲ. ನಿದ್ದೆ ಹೇಗೆ ಬಂದೀತು?

ಎರಡು ಗಂಟೆಯ ಸುಮಾರಿಗೆ ಅಜ್ಜ ಎದ್ದ. ಬ್ಯಾಟರಿಯ ಬೆಳಕು ತರುಣನ ಮುಖದ ಮೇಲೆ ಬಿದ್ದು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಮೂಲೆಯಿಂದ ಕಬ್ಬಿಣದ್ದೇನೋ ಎತ್ತಿಕೊಂಡು ಅಜ್ಜ ಹೊರನಡೆದ. ಮೊಬೈಲಿನಲ್ಲಿ ತಗ್ಗಿದ ದನಿ: "ಬಂದೈತಿ. ಲಗೂ ಬಾ." ತುಸು ಹೊತ್ತಿಗೆ ಎರಡು ದನಿಗಳು, ಗೋಡೆಗೆ ಆತುಕೊಂಡೇ ಮಾತಾಡಿದಂತೆ. ತರುಣ ಕತ್ತಲಲ್ಲೇ ಬೂಟು ಹಾಕಿಕೊಂಡು ಕುಳಿತ.

ಆ ದನಿಗಳು ಗೋಡೆಯ ಬಳಿ ಇರಲಿಲ್ಲ, ದೂರದ ಹೊಲದಲ್ಲಿದ್ದವು. ಚಳಿಗಾಲದ ಶಾಂತ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ನೆಲಕ್ಕಂಟಿದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಶಬ್ದದ ವೇಗ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಾಗಾಗಿ ಮೇಲೆ ಹೋಗುವ ಶಬ್ದದ ಅಲೆ ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ, ದೂರದ ಮಾತು ಹತ್ತಿರ ಕೇಳುತ್ತದೆ. ಹಗಲು ಗುಮ್ಮಟದಲ್ಲಿ ಮೆಚ್ಚಿದ ಪಿಸುಮಾತೇ ರಾತ್ರಿ ಬೆವರು ತಂದಿತು. ಕಾರಣ ಬೇರೆ, ಕಿವಿ ಒಂದೇ.

ಕಾಲು ಗಂಟೆಯಲ್ಲಿ ಹೊಲದ ಕಡೆಯಿಂದ ನೀರು ಬೀಳುವ ಸದ್ದು ಬಂತು. ಬಂದದ್ದು ಕರೆಂಟು! ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಆ ವಾರ ರಾತ್ರಿ ಪಾಳಿ. ಪಕ್ಕದ ಹೊಲದವನದೂ ಅಜ್ಜನದೂ ಪಾಲಿನ ಬೋರು. ಕಬ್ಬಿಣದ್ದು ಸಲಿಕೆ, ನೀರು ತಿರುವಲು. ತರುಣ ಸ್ವಲ್ಪ ವ್ಯಾಕರಣ ನೆನೆದಿದ್ದರೂ ಸಾಕಿತ್ತು. ಅವನ ಸುದ್ದಿಯಾಗಿದ್ದರೆ ಅಜ್ಜ "ಬಂದಾನ" ಎನ್ನುತ್ತಿದ್ದ. ಹೆದರಿದವನಿಗೆ ಲಿಂಗ, ವಚನ ಎಲ್ಲಿ ನೆನಪಿರುತ್ತದೆ?

ಬೆಳಿಗ್ಗೆ ಒಳಬಾಗಿಲು ತೆರೆದಾಗ ಜೋಳದ ತುಂಬು ಚೀಲವೊಂದು ಅಡ್ಡ ನಿಂತಿತ್ತು. ನೆಲದ ಮೇಲೆ ಎಳೆದ ಗೆರೆ. ಅವನು ಅದನ್ನು ನೋಡಿದ್ದನ್ನು ಸೊಸೆಯೂ ನೋಡಿದಳು. ಚಹಾ ಕೊಡುತ್ತ ಕೇಳಿದಳು: "ನಿಮಗೂ ನಿದ್ದಿ ಹತ್ತಲಿಲ್ಲೇನ್ರಿ?"

ಕೆಸರುಗಾಲಲ್ಲಿ ಬಂದ ಅಜ್ಜ ಮೊದಲು ಕಾರ್ಡು ಕೊಟ್ಟ. ಆಮೇಲೆ ಹಳೆಯ ಟೈರಿನ ತುಂಡೊಂದನ್ನು ಕತ್ತರಿಸಿ, ಹರಿದ ಜಾಗಕ್ಕೆ ಒಳಗಿನಿಂದ ಇಟ್ಟು, ಗಾಳಿ ಹೊಡೆಯಲು ಹೇಳಿದ. ಬಾಗಲಕೋಟೆಯವರೆಗೆ ಆ ಟೈರು ತಡೆಯಿತು.