ನಿಲಯದ ನಿಯಮಪತ್ರ

ಉತ್ತರ ಕರ್ನಾಟಕದ ಒಂದು ಜೈನ ವಿದ್ಯಾರ್ಥಿ ನಿಲಯದಲ್ಲಿ ಪ್ರವೇಶ ಬಯಸಿ ಬಂದ ಹುಡುಗನ ಕೈಗೆ ಎರಡು ಪುಟಗಳ ನಿಯಮಪತ್ರವನ್ನು ಕೊಡುತ್ತಾರೆ. ಸೂರ್ಯಾಸ್ತದ ಅನಂತರ ಆಹಾರ ಸೇವಿಸಕೂಡದು. ಕಂದಮೂಲಗಳನ್ನಾಗಲಿ ಹೊರಗಿನ ತಿಂಡಿಯನ್ನಾಗಲಿ ಮುಟ್ಟಕೂಡದು. ಪ್ರಾತಃಕಾಲದ ಜಿನದರ್ಶನವನ್ನು ತಪ್ಪಿಸಕೂಡದು. ರಾತ್ರಿ ಒಂಬತ್ತರ ಮೇಲೆ ಹೊರಗಿರಕೂಡದು. ಹೀಗೆ ಎಲ್ಲ ವಾಕ್ಯಗಳೂ ‘ಕೂಡದು’ ಎಂದೇ ಮುಗಿಯುತ್ತವೆ. ಕಡೆಯದೊಂದು ಮಾತ್ರ ಬೇರೆ: ನಿಯಮ ಮುರಿದವನ ಠೇವಣಿಯು ನಿಲಯಕ್ಕೆ ಸೇರತಕ್ಕದ್ದು. ಅದರ ಕೆಳಗೆ ವಿದ್ಯಾರ್ಥಿಯ ಸಹಿ, ತಂದೆಯ ಸಹಿ. ಟ್ರಸ್ಟಿನ ಪರವಾಗಿ ಯಾರೂ ಸಹಿ ಮಾಡಲು ಅಲ್ಲಿ ಸ್ಥಳವಿಲ್ಲ.

ಈ ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಣಬೇಸಾಯದ ಮನೆಯಿಂದ ಬಂದ ಒಬ್ಬ ಹುಡುಗನಿದ್ದನು. ಪಾಲಿಟೆಕ್ನಿಕ್‌ನ ಕಡೆಯ ವರ್ಷ. ಪಠ್ಯಕ್ರಮದ ಅಂಗವಾಗಿ ಊರಾಚೆಯ ಕಾರ್ಖಾನೆಯೊಂದರಲ್ಲಿ ತರಬೇತಿ. ಬಿಡುಗಡೆಯಾಗುತ್ತಿದ್ದುದು ಸಂಜೆ ಆರಕ್ಕೆ. ನಿಲಯದ ಊಟದ ಗಂಟೆ ಐದಕ್ಕೆ ಬಾರಿಸಿದರೆ ಐದೂಮುಕ್ಕಾಲಿಗೆ ಅಡಿಗೆಮನೆಯ ಬಾಗಿಲು ಮುಚ್ಚುತ್ತಿತ್ತು. ಮಾರ್ಗಶಿರ ಮಾಸದಲ್ಲಿ ಆ ಸೀಮೆಯಲ್ಲಿ ಸೂರ್ಯನು ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುವುದರಿಂದ ಈ ವೇಳೆ ಯುಕ್ತವೇ. ಆದರೆ ಜ್ಯೇಷ್ಠದಲ್ಲಿ ಏಳರವರೆಗೂ ಬೆಳಕಿರುವಾಗಲೂ ಬಾಗಿಲು ಐದೂಮುಕ್ಕಾಲಿಗೇ ಮುಚ್ಚುತ್ತಿತ್ತೆಂಬುದನ್ನು ಗಮನಿಸಬೇಕು. ನಿಯಮವು ಸೂರ್ಯನದೆಂದು ಬರೆದಿದ್ದರೂ ನಡೆಯುತ್ತಿದ್ದುದು ಗಡಿಯಾರದ್ದು.

ಊಟದ ಹಾಜರಿ ಪುಸ್ತಕದಲ್ಲಿ ಮೂರೇ ಕಲಮುಗಳಿದ್ದವು: ಊಟ, ರಜೆ, ಉಪವಾಸ. ಹುಡುಗನು ಮೂರು ವಾರಗಳ ಕಾಲ ತನ್ನ ಹೆಸರಿನ ಮುಂದೆ ‘ಉಪವಾಸ’ದ ಕಲಮಿನಲ್ಲಿ ಗುರುತು ಹಾಕಿದನು. ನಿಲಯಪಾಲಕರು ಸಂತೋಷಪಟ್ಟರು. ಭಾನುವಾರದ ಸ್ವಾಧ್ಯಾಯದಲ್ಲಿ ಅವನ ತಪಸ್ಸನ್ನು ಉಳಿದವರ ಮುಂದೆ ಹೊಗಳಿಯೂ ಹೊಗಳಿದರು. ನಾಲ್ಕನೆಯ ವಾರ ಸಹವಾಸಿಯೊಬ್ಬನು, ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ಆ ಉಪವಾಸಿಯು ದೀಪದ ಬೆಳಕಿನಲ್ಲಿ ಉಳ್ಳಾಗಡ್ಡಿ ಬೆರೆಸಿದ ಗಿರಮಿಟ್ಟು ತಿನ್ನುತ್ತಿದ್ದುದನ್ನು ಕಂಡು ಬಂದು ತಿಳಿಸಿದನು.

ಸಮಿತಿ ಸೇರಿತು. ಹುಡುಗನನ್ನು ಕರೆಸಿ ಕೇಳಲಾಯಿತು. ಅವನು ಏನನ್ನೂ ಅಲ್ಲಗಳೆಯಲಿಲ್ಲ.

“ಉಪವಾಸ ಅಂತ ಬರೆದದ್ದು ಸುಳ್ಳರಿ ಸರ್. ಊಟ ಸಿಗಲಿಲ್ಲ ಅಂತ ಬರೀಲಿಕ್ಕೆ ಆ ಪುಸ್ತಕದಾಗ ಜಾಗಾ ಇರಲಿಲ್ಲರಿ.”

ಕೋಶಾಧಿಕಾರಿಗಳ ವಾದ ಸ್ಪಷ್ಟವಾಗಿತ್ತು. ಪತ್ರದಲ್ಲಿ ಬರೆದುದನ್ನು ಓದಿಯೇ ಸಹಿ ಮಾಡಿದ್ದಾನೆ. ಠೇವಣಿ ಮುಟ್ಟುಗೋಲು, ಹುಡುಗ ಮನೆಗೆ. ಒಬ್ಬನಿಗೆ ಸಡಿಲಿಸಿದರೆ ನಾಳೆ ಹತ್ತು ಮಂದಿಗೆ ಸಡಿಲಿಸಬೇಕಾಗುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಹಳ್ಳಿಯ ತಾಯ್ತಂದೆಗಳು ಹೆಚ್ಚಿನ ಸೌಕರ್ಯದ ಕೊಠಡಿಗಳನ್ನು ಬಿಟ್ಟು ಮಕ್ಕಳನ್ನು ಇಲ್ಲಿಗೆ ಕಳುಹಿಸುವುದು ಈ ನಿಯಮಗಳಿಗಾಗಿಯೇ. ಅವು ಸಡಿಲಾದ ದಿನ ನಿಲಯವು ಬರಿಯ ಬಾಡಿಗೆ ಮನೆಯಾದೀತು.

ಸಮಿತಿಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರಿದ್ದರು. ಅವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು, ಅಣುವ್ರತಗಳ ಅತಿಚಾರಗಳಿರುವ ಭಾಗವನ್ನು ಮುಂದಿಟ್ಟರು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು: ನಡೆಯದುದನ್ನು ನಡೆದಂತೆ ವಂಚನೆಗಾಗಿ ಬರೆಯುವುದು. ಹುಡುಗನು ಮಾಡಿದ್ದು ಅದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ಸೂತ್ರದಲ್ಲಿ, ಕೂಟಲೇಖಕ್ರಿಯೆಯ ಮಗ್ಗುಲಲ್ಲೇ, ನ್ಯಾಸಾಪಹಾರವೆಂಬ ಇನ್ನೊಂದಿದೆ. ನ್ಯಾಸವೆಂದರೆ ಒಪ್ಪಿಸಿಟ್ಟ ಧನ, ಠೇವಣಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಬಹು ಸೂಕ್ಷ್ಮವಾದದ್ದು. ಕಸಿದುಕೊಳ್ಳುವುದಿರಲಿ, ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೂ ಅತಿಚಾರವೇ. ಇನ್ನು ಅಹಿಂಸಾಣುವ್ರತದ ಅತಿಚಾರಗಳ ಸಾಲಿನಲ್ಲಿ ಕಡೆಯದು ಅನ್ನಪಾನನಿರೋಧ. ಪೂಜ್ಯಪಾದರು ಅದನ್ನು ಹಸು ಮೊದಲಾದವುಗಳ ಹಸಿವು ನೀರಡಿಕೆಗಳಿಗೆ ಸಂಬಂಧಿಸಿ ಹೇಳಿದ್ದಾರೆ. ಕೊಟ್ಟಿಗೆಯ ಹಸುವಿಗೆ ಹೊತ್ತಿಗೆ ಮೇವಿಲ್ಲದಿದ್ದರೆ ಯಜಮಾನನ ವ್ರತಕ್ಕೆ ಕಳಂಕವಾಗುವುದಾದರೆ, ಮೂರು ವಾರ ಊಟವಿಲ್ಲದೆ ಮಲಗಿದ ವಿದ್ಯಾರ್ಥಿಯ ವಿಷಯದಲ್ಲಿ ಯಜಮಾನರಾರು?

ಇನ್ನೊಂದು ಮಾತನ್ನೂ ಅವರು ನೆನಪಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಯಮ ಬೇರೆ, ಯಮ ಬೇರೆ ಎನ್ನುತ್ತಾರೆ. ಕಾಲದ ಮಿತಿ ಹಾಕಿಕೊಂಡು ಹಿಡಿದ ತ್ಯಾಗ ನಿಯಮ. ಬದುಕಿರುವತನಕ ಹಿಡಿದದ್ದು ಯಮ. ನಿಲಯದ ಪತ್ರವು ಮೂರು ವರ್ಷದ್ದು, ಆದುದರಿಂದ ನಿಯಮವೇ ಸರಿ. ಆದರೆ ಅದು ಹಿಡಿದುಕೊಂಡದ್ದೋ, ಕೊಠಡಿ ಬೇಕಾದವನಿಗೆ ಹಿಡಿಸಿದ್ದೋ? ಈ ಪ್ರಶ್ನೆಗೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಲೌಕಿಕ ಕಾನೂನು ಕೂಡ ಕೋಶಾಧಿಕಾರಿಗಳ ಪಕ್ಷವನ್ನು ಪೂರ್ತಿಯಾಗಿ ವಹಿಸುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಕರಾರು ಮುರಿದಾಗ ಇಂತಿಷ್ಟೆಂದು ದಂಡವನ್ನು ಬರೆದಿಟ್ಟಿದ್ದರೂ ಸಿಗುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವಷ್ಟೇ. ಗಿರಮಿಟ್ಟಿನಿಂದ ನಿಲಯಕ್ಕೆ ಆದ ನಷ್ಟವೆಷ್ಟೆಂದು ಲೆಕ್ಕ ಹಾಕುವುದು ಕಷ್ಟ.

ನಿಲಯದಿಂದ ಹುಡುಗನನ್ನು ಹೊರಗೆ ಹಾಕುವ ಮಾತು ಬಂದಾಗ ಅಧ್ಯಾಪಕರು ಕೊಲ್ಹಾಪುರದ ಜೈನ ಬೋರ್ಡಿಂಗಿನ ಹಳೆಯ ಪ್ರಸಂಗವನ್ನೆತ್ತಿದರು. 1908ರಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ ಸ್ಥಾಪಿತವಾಯಿತು. ಜೈನ ಬೋರ್ಡಿಂಗಿನ ವಿದ್ಯಾರ್ಥಿಯೊಬ್ಬನು ಅದರ ಸಮಾರಂಭಕ್ಕೆ ಹೋಗಿ ಬಂದನು. ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಆಜ್ಞೆಗೆ ಒಪ್ಪಲಿಲ್ಲ; ಅದಕ್ಕಾಗಿ ನಿಲಯದಿಂದ ಹೊರಗಾದನು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಆ ವಿದ್ಯಾರ್ಥಿಯೇ ಮುಂದೆ ಕರ್ಮವೀರ ಭಾವೂರಾವ್ ಪಾಟೀಲರಾದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹವನ್ನು ತೆರೆದರು. ಅಲ್ಲಿಯ ಮಕ್ಕಳ ಊಟಕ್ಕೆ ಹಣ ಸಾಲದೆ ಹೋದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಆಭರಣಗಳನ್ನೇ ಮಾರಿದರು.

ಹೊರಹಾಕಿಸಿಕೊಂಡ ಪ್ರತಿಯೊಬ್ಬನೂ ಭಾವೂರಾವ್ ಆಗುವುದಿಲ್ಲ. ಆ ಆಜ್ಞೆಯನ್ನೂ ರಾತ್ರಿಭೋಜನ ತ್ಯಾಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತೆಯೂ ಇಲ್ಲ. ಎರಡನೆಯದಕ್ಕೆ ಜೀವದಯೆಯ ಆಧಾರವಿದೆ, ಮೊದಲನೆಯದಕ್ಕೆ ಯಾವ ದಯೆಯ ಆಧಾರವೂ ಇರಲಿಲ್ಲ. ಆದರೂ ಕೊಲ್ಹಾಪುರದ ಹಿರಿಯರಿಗೂ ತಮ್ಮ ಕಟ್ಟಳೆ ಅಂದು ಅಷ್ಟೇ ಸರಿಯಾಗಿ ಕಂಡಿರಬೇಕು. ಲಕ್ಷ್ಮೀಬಾಯಿಯವರ ಹೆಸರು ಕೇಳಿದ ಮೇಲೆ ಐದೂಮುಕ್ಕಾಲರ ಬೀಗದ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ.

ಪರಿಹಾರ ಬಂದದ್ದು ಸಮಿತಿಯಿಂದಲ್ಲ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿದ್ದ ಅಡಿಗೆಯ ಅಜ್ಜಿಯು ಮರುದಿನ ಅರ್ಧ ಗಂಟೆ ಮೊದಲೇ ಎದ್ದು ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಕಟ್ಟಿ ಹುಡುಗನ ಕೈಗೆ ಬುತ್ತಿ ಕೊಟ್ಟಳು. “ತಮ್ಮಾ, ಐದಕ್ಕ ಚಹಾಕ್ಕ ಬಿಡ್ತಾರಲ್ಲ, ಆಗ ಬಿಚ್ಚು. ಹೊತ್ತು ಮುಳುಗೂ ಮುಂಚೆ ಆಗಬೇಕು ನೋಡು” ಎಂದಳು. ನಿಯಮದ ಒಂದಕ್ಷರವೂ ಬದಲಾಗಲಿಲ್ಲ. ಹೆಚ್ಚಿದ್ದು ಅಡಿಗೆಮನೆಯ ಅರ್ಧ ಗಂಟೆಯ ದುಡಿಮೆ. ಅದನ್ನು ಮೊದಲೇ ಯೋಚಿಸಬೇಕಾಗಿದ್ದವರು ಪತ್ರ ಬರೆದವರು.

ಹುಡುಗನು ಹಾಜರಿ ಪುಸ್ತಕದ ತನ್ನ ಹಳೆಯ ಗುರುತುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದನು. ಪ್ರಾಯಶ್ಚಿತ್ತವಾಗಿ ಒಂದು ದಿನದ ನಿಜವಾದ ಉಪವಾಸವನ್ನು ತಾನೇ ಕೇಳಿ ಪಡೆದನು. ಅವನ ಠೇವಣಿಯನ್ನು ಮುಟ್ಟುವುದಿಲ್ಲವೆಂದು ತೀರ್ಮಾನವಾಯಿತು. ಆದರೆ ಅಧ್ಯಾಪಕರು ಅಷ್ಟಕ್ಕೇ ಬಿಡದೆ, ಹಿಂದಿನ ವರ್ಷಗಳಲ್ಲಿ ನಿಲಯ ಬಿಟ್ಟುಹೋದವರು ಕೇಳಲು ಮರೆತ ಠೇವಣಿಗಳ ಪಟ್ಟಿಯನ್ನು ತೆಗೆಯಿರಿ ಎಂದರು. ನಿಯಮಪತ್ರದ ಕೆಳಗೆ ಟ್ರಸ್ಟಿನ ಸಹಿಗೂ ಒಂದು ಗೆರೆ ಎಳೆಯಿರಿ ಎಂದರು. ಎರಡನ್ನೂ ಮುಂದಿನ ಸಭೆಗೆ ಇಡಲಾಗಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ನಿಲಯಪಾಲಕರು ಯಾರನ್ನೂ ಕೇಳದೆ, ಅಡ್ಡಪಟ್ಟಿ ಇಟ್ಟು ನಾಲ್ಕನೆಯ ಕಲಮನ್ನು ಎಳೆದಿದ್ದಾರೆ. ಅದರ ತಲೆಯ ಮೇಲೆ ‘ಬುತ್ತಿ’ ಎಂದು ಬರೆದಿದೆ.